ಹಾಳೆ ತಿರುವುವ ಕುರ್ಚಿ

ಸೆಡ್ರಿಕ್ ಪಾರ್ಟನ್ ವೂಸ್ಟರ್ ಎಂಬ ಇಂಗ್ಲಿಷ್ ಪಟ್ಟಣದ ಕೈಗವಸಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸಿ ನಿವೃತ್ತನಾದವನು. ಊರಿನ ಹವ್ಯಾಸಿ ವಾದ್ಯವೃಂದದಲ್ಲಿ ಅವನದು ವಯೋಲಾ. ಪಿಟೀಲಿನ ಅಕ್ಕನಂಥ, ತಗ್ಗು ದನಿಯ ವಾದ್ಯ. ಕೊನೆಯ ಸಾಲು, ಒಳಬದಿಯ ಕುರ್ಚಿ. ಅಲ್ಲಿ ಸ್ವರ ಬರೆದ ಹಾಳೆಗಳನ್ನಿಡಲು ಇಬ್ಬರಿಗೆ ಒಂದೇ ಸ್ಟ್ಯಾಂಡು. ಪುಟ ಮುಗಿಯುತ್ತಿದ್ದಂತೆ ಒಳಬದಿಯವರು ಕಮಾನು ತಗ್ಗಿಸಿ ಹಾಳೆ ತಿರುವಬೇಕು, ಹೊರಬದಿಯವರು ನುಡಿಸುತ್ತಲೇ ಇರಬೇಕು. ಅದು ಕಟ್ಟಳೆ. ಹಾಗಾಗಿ ಇಷ್ಟು ವರ್ಷ ನುಡಿಸಿದರೂ ಪುಟದ ಕೊನೆಯ ತುಣುಕುಗಳು ಸೆಡ್ರಿಕ್‌ನ ಪಾಲಿಗೆ ಬಂದದ್ದೇ ಇಲ್ಲ. ಅವನ್ನೆಲ್ಲ ನುಡಿಸಿದವಳು ಪಕ್ಕದ ಇಡಾ ಗ್ವಿಲಿಮ್.

"ನಿಮ್ಮದೇ ಸುಖ ಕಣ್ರೀ," ಎಂದು ತಾಲೀಮಿನ ಬಿಡುವಿನಲ್ಲಿ ಚಹಾ ಹೀರುತ್ತ ಇಡಾ ಕೆಣಕುವಳು. "ಕಷ್ಟದ ಜಾಗ ಬಂತೋ, ಹಾಳೆ ನೆಪ ಮಾಡ್ಕೊಂಡು ಜಾರ್ಕೋತೀರಿ."

"ನಾನಿಲ್ದಿದ್ರೆ ನೀವು ಇನ್ನೂ ಮೊದಲ್ನೇ ಪುಟದಲ್ಲೇ ಕೂತಿರ್ತಿದ್ರಿ," ಎನ್ನುವನು ಇವನು.

ಫೆಬ್ರವರಿಯ ಚಳಿಯಲ್ಲಿ ಇಡಾ ನ್ಯುಮೋನಿಯಾ ಆಗಿ ತೀರಿಕೊಂಡಳು. ಅವಳ ನೆನಪಿಗಾಗಿ ಅವಳ ಮೆಚ್ಚಿನ ಸಿಂಫನಿಯನ್ನೇ ನುಡಿಸೋಣವೆಂದ ನಿರ್ದೇಶಕ ಬೀವನ್. ಎರಡು ಮಹಾಯುದ್ಧಗಳ ನಡುವೆ ಇಂಗ್ಲಿಷ್ ಸಂಗೀತಗಾರನೊಬ್ಬ ಬರೆದದ್ದು. ಅದರ ನಿಧಾನದ ಭಾಗದಲ್ಲಿ ವಯೋಲಾಗಳಿಗೆ ಅಪರೂಪಕ್ಕೊಂದು ಹಾಡಿನ ಎಳೆ ಸಿಗುತ್ತದೆ. ಆ ಎಳೆ ಮೆಲ್ಲನೆ ಏರಿ ತುದಿ ಮುಟ್ಟುವುದು ಸರಿಯಾಗಿ ಪುಟದ ತಿರುವಿನಲ್ಲಿ.

"ಇಡಾ ಕುರ್ಚಿಗೆ ನೀವೇ ಬನ್ನಿ ಸೆಡ್ರಿಕ್. ಆ ತುದಿ ನೀವೇ ನುಡಿಸ್ಬೇಕು, ಅವರಿಗೋಸ್ಕರ," ಎಂದ ಬೀವನ್.

ಸೆಡ್ರಿಕ್ ಅಡುಗೆಮನೆಯಲ್ಲಿ ಕೂತು ಅಷ್ಟನ್ನೇ ಮತ್ತೆ ಮತ್ತೆ ನುಡಿಸಿ ತಿದ್ದಿದ. ಬಾಯಿಪಾಠವಾಯಿತು. ಆದರೆ ತಾಲೀಮಿನಲ್ಲಿ ತಿರುವು ಹತ್ತಿರ ಬಂದಾಗಲೆಲ್ಲ ಬಲಗೈ ಹಾಳೆಯತ್ತ ತುಡಿಯುತ್ತಿತ್ತು. ಅವನು ಅದನ್ನು ಬಿಗಿಹಿಡಿಯುತ್ತಿದ್ದ. ಒಳಬದಿಗೆ ಹೊಸದಾಗಿ ಬಂದ ಡೊರೀನ್ ಲೇಸಿ ಅದನ್ನು ಗಮನಿಸಿ, "ಕೈಗೆ ಹಗ್ಗ ತರ್ಲಾ?" ಎಂದಳು. ಇಬ್ಬರೂ ನಕ್ಕರು.

ಮೇ ತಿಂಗಳ ಕಚೇರಿಗೆ ಚರ್ಚು ತುಂಬಿತ್ತು. ನಿಧಾನದ ಭಾಗ ಬಂತು, ವಯೋಲಾಗಳು ಎಳೆ ಎತ್ತಿಕೊಂಡವು. ಅಂದು ಸೆಡ್ರಿಕ್‌ನ ವಾದ್ಯ ಎಂದೂ ಇಲ್ಲದಷ್ಟು ಇಂಪಾಗಿತ್ತು. ಅದನ್ನು ಕೇಳುತ್ತ ಕೇಳುತ್ತ ಅವನು ತನ್ನ ಕೈಯ ಕಾವಲು ಮರೆತ. ದನಿ ಏರಿತು. ತುದಿಗೆ ಇನ್ನೇನು ಒಂದು ಸ್ವರವಿದೆ ಎನ್ನುವಾಗ ಅವನ ಕಮಾನು ತಂತಾನೇ ತಗ್ಗಿ, ಕೈ ಚಾಚಿತು. ಹಾಳೆಯ ಮೂಲೆಯಲ್ಲಿ ಡೊರೀನಳ ಬೆರಳುಗಳು ಆಗಲೇ ಇದ್ದವು.

ಮುಂದಿನ ಸಾಲುಗಳವರು ತುದಿ ಮುಟ್ಟಿ ಇಳಿದರು. ಕೊನೆಯ ಸಾಲಿನಿಂದ ಅಷ್ಟು ಹೊತ್ತು ಯಾವ ದನಿಯೂ ಹೊರಡಲಿಲ್ಲ.

ಚಪ್ಪಾಳೆ ಮುಗಿದು ವಾದ್ಯಗಳನ್ನು ಪೆಟ್ಟಿಗೆಗೆ ಹಾಕುವಾಗ ಡೊರೀನ್ ಮೆಲ್ಲಗೆ, "ಯಾರಿಗೂ ಗೊತ್ತಾಗಿಲ್ಲ ಬಿಡಿ," ಎಂದಳು.

"ಇಡಾಗೆ ಗೊತ್ತಾಗ್ತಿತ್ತು," ಎಂದ ಸೆಡ್ರಿಕ್. "ಸುಮ್ನೆ ಬಿಡ್ತಾನೂ ಇರ್ಲಿಲ್ಲ."

ಮುಂದಿನ ತಾಲೀಮಿಗೆ ಅವನು ಎಲ್ಲರಿಗಿಂತ ಮೊದಲೇ ಬಂದು ತನ್ನ ಹಳೆಯ ಕುರ್ಚಿಯಲ್ಲಿ ಕೂತಿದ್ದ. ಡೊರೀನ್ ಹೊರಬದಿಗೆ ಹೋದಳು. ಪುಟ ಮುಗಿಯಿತು, ಅವನು ಕಮಾನು ತಗ್ಗಿಸಿ ಹಾಳೆ ತಿರುವಿದ. ಪಕ್ಕದಲ್ಲಿ ಅವಳು ತಪ್ಪಿಲ್ಲದೆ ನುಡಿಸುತ್ತಿದ್ದಳು, ಇಡಾಗಿಂತ ಕೊಂಚ ಜೋರಾಗಿ.