ಮುಚ್ಚಳ ತೆಗೆದವರ ಗ್ರಾಫು

ಎಂಬತ್ತರ ದಶಕದ ಮೊದಲಿಗೆ ಬನಶಂಕರಿ ಕಡೆಯ ಒಂದು ಕಾಲೇಜಿನಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ಮಕ್ಕಳಿಗೆ ಗಣಿತ ಹೇಳುತ್ತಿದ್ದೆ. ಬೋರ್ಡಿನ ಸಮೀಕರಣ ನಕಲು ಮಾಡಿಕೊಂಡು ಆಕಳಿಸುವ ಮುಖಗಳನ್ನು ನೋಡಿ ನೋಡಿ ರೋಸಿಹೋಗಿತ್ತು. ಏನಾದರೂ ಕೈಯಾರೆ ಮಾಡಿಸಿ ಅದರ ಲೆಕ್ಕ ಹಾಕಿಸುತ್ತೇನೆ, ಮೊದಲಿಗೆ ಬಿಸಿಲಿನಲ್ಲೇ ಅನ್ನ ಬೇಯಿಸುವ ಸೋಲಾರ್ ಪೆಟ್ಟಿಗೆ, ವಾರಕ್ಕೆ ಎರಡು ಪೀರಿಯಡ್ ಕೊಡಿ ಎಂದು ವಿಭಾಗದ ಮುಖ್ಯಸ್ಥರನ್ನು ಕಾಡಿದೆ.

"ಬಿಸಿಲಲ್ಲಿ ಅನ್ನ ಮಾಡಿಸ್ತೀನಿ ಅಂತೀರಲ್ಲ, ಶುಕ್ರವಾರ ಮಧ್ಯಾಹ್ನ ಊಟಕ್ಕೇ ಬರ್ತೀನಿ. ಒಂದು ಗಂಟೆಗೆ ಅನ್ನ ಆಗಿದ್ರೆ ಪೀರಿಯಡ್ ನಿಮ್ದು. ಇಲ್ದಿದ್ರೆ ಸೀಮೆಸುಣ್ಣ ಹಿಡ್ಕೊಂಡು ಸುಮ್ನಿರಿ," ಎಂದರು.

ಜಯನಗರದಿಂದ ಗಾಜು ತಂದೆವು. ಮರದ ಪೆಟ್ಟಿಗೆಯೊಳಗೆ ತಗಡಿನ ಪೆಟ್ಟಿಗೆ ಕೂರಿಸಿ, ನಡುವೆ ಹೊಟ್ಟು ತುಂಬಿ, ಒಳಗೆಲ್ಲ ಕಪ್ಪು ಬಳಿದು, ಗಾಜಿನ ಮುಚ್ಚಳ ಹಾಕಿ ತಾರಸಿಯ ಮೇಲಿಟ್ಟೆವು. ಒಳಗೆ ಬರುವ ಶಾಖ ಇಷ್ಟು, ಸೋರಿಹೋಗುವ ಶಾಖ ಇಷ್ಟು ಎಂದು ಮಕ್ಕಳು ಹಾಕಿದ ಲೆಕ್ಕದ ಪ್ರಕಾರ ಹನ್ನೆರಡೂವರೆಗೆ ಅನ್ನ ಆಗಬೇಕು. ಬುಧವಾರ ಮಾಡಿ ನೋಡಿದರೆ ಎರಡು ಗಂಟೆಯಾದರೂ ಅಗುಳು ಗಟ್ಟಿ. ನಾನು ಎಲ್ಲರ ಮೇಲೂ ಹರಿಹಾಯ್ದೆ.

ಉತ್ತರಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿಯೇ ಬಿಟ್ಟಿರಲಿಲ್ಲ. ಥರ್ಮಾಮೀಟರ್ ನೋಡಿ ಬರೆದುಕೊಳ್ಳುವ ಕೆಲಸ ಅವಳದು. ಅವಳು ಗ್ರಾಫ್ ಹಾಳೆಯನ್ನು ನನ್ನ ಮುಂದೆ ಹಿಡಿದಳು. ಏರುತ್ತಿದ್ದ ಗೆರೆ ಏಳು ಕಡೆ ಕುಸಿದಿತ್ತು. ಅನ್ನ ಆಯಿತೇ ಎಂದು ಮುಚ್ಚಳ ತೆಗೆದವರು ಯಾರೆಂದು ಪ್ರತಿ ಕುಸಿತದ ಪಕ್ಕದಲ್ಲೂ ಬರೆದಿದ್ದಳು. ಐದು ಕಡೆ 'ಸಾರ್' ಎಂದಿತ್ತು.

ಹುಡುಗರು ಬಿದ್ದು ಬಿದ್ದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

"ಒಂದ್ಸಲ ತೆಗೆದ್ರೆ ಹದಿನೈದು ನಿಮಿಷ ಹೋಗುತ್ತೆ ಸಾರ್. ಎರಡೂಕಾಲಿಗೆ ಆಗುತ್ತೆ," ಎಂದಳು. ಹಾಗೇ ಆಯಿತು. ಆಗ ನನಗಾದ ಖುಷಿ ಅಷ್ಟಿಷ್ಟಲ್ಲ. ಸಮೀಕರಣದಲ್ಲಿ ಬಿಸಿಲು, ಗಾಜು, ಹೊಟ್ಟು ಎಲ್ಲ ಇತ್ತು. ನನ್ನ ಆತುರ ಮಾತ್ರ ಇರಲಿಲ್ಲ.

ಶುಕ್ರವಾರ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಮುಖ್ಯಸ್ಥರು ಹನ್ನೆರಡೂಕಾಲಿಗೇ ಬಂದವರು ನೇರವಾಗಿ ಮುಚ್ಚಳಕ್ಕೆ ಕೈ ಹಾಕಿದರು.

"ಮುಟ್ಬೇಡಿ ಸಾರ್!"

ಕೂಗಿದವಳು ಅವಳೇ. ಕೆಲಸ ಕೆಟ್ಟಿತು ಎಂದುಕೊಂಡೆ. ಅವರು ಕೈ ಹಿಂದಕ್ಕೆಳೆದುಕೊಂಡು, "ಯಾಕಮ್ಮ?" ಎಂದರು. ಅವಳು ಬುಧವಾರದ ಗ್ರಾಫ್ ಕೊಟ್ಟಳು. ಅವರು ತಾರಸಿಯ ಕಟ್ಟೆಯ ಮೇಲೆ ಕೂತು ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಹನ್ನೆರಡೂವರೆಗೆ ಮುಚ್ಚಳ ತೆಗೆದದ್ದು ಅವಳೇ. ಹಬೆಗೆ ಮುಖ್ಯಸ್ಥರ ಕನ್ನಡಕ ಮಂಜಾಯಿತು. ಅನ್ನ ಹೂವಿನ ಹಾಗೆ ಅರಳಿತ್ತು. ಒಂದು ತುತ್ತು ಬಾಯಿಗಿಟ್ಟುಕೊಂಡು, "ಮೊಸರು ತರಿಸ್ರಿ," ಎಂದರು. ಎರಡನೇ ತುತ್ತು ಮುಗಿಸಿ ಹೇಳಿದರು:

"ಪೀರಿಯಡ್ ಎರಡೂ ನಿಮ್ದೇ. ಮುಚ್ಚಳ ಮಾತ್ರ ಈ ಹುಡುಗಿ ಕೈಲಿರ್ಲಿ."