ಎರೆಮಣ್ಣಿನ ಭೂಮಿ

ಹೊಸ ಪ್ಲಾಸ್ಟಿಕ್ಕಿಗೆ ಒಂದು ವಾಸನೆ ಇರುತ್ತದಲ್ಲ, ಮೂಗಿಗಿಂತ ಮೊದಲು ಗಂಟಲಿಗೆ ತಾಗುವಂಥದ್ದು? ಕಳೆದ ವಾರ ಮೂಡಲಗಿಯ ಪುಸ್ತಕದಂಗಡಿಯಲ್ಲಿ ಗ್ಲೋಬಿನ ಡಬ್ಬಿ ತೆರೆದಾಗ ಅದೇ ಬಂತು. ಭೂಮಿಗೆ ಈ ವಾಸನೆ ಹೊಂದುವುದಿಲ್ಲ ಅನಿಸಿತು. ನಾನು ಮೂಸಿ ನೋಡಿದ ಮೊದಲ ಭೂಮಿಗೆ ಹಸಿ ಎರೆಮಣ್ಣಿನ ವಾಸನೆಯಿತ್ತು.

ನಾನು ಭೂಗೋಳ ಕಲಿಸುವ ಮಾಸ್ತರ. ಈ ತಿಂಗಳ ಕೊನೆಗೆ ನಿವೃತ್ತಿ. ನಾನು ಮಕ್ಕಳಿಗೆ ಹೇಳುತ್ತ ಬಂದ ಕಥೆಯೊಂದನ್ನು ಭೂಗೋಳದ ಕೋಣೆಯ ಗೋಡೆಯ ಮೇಲೆ ಬರೆಸಬೇಕೆಂದು ನಮ್ಮ ಚಿತ್ರಕಲೆಯ ಟೀಚರು ಹಠ ಹಿಡಿದಿದ್ದರು. ನಿಮಗೂ ಹೇಳುತ್ತೇನೆ, ಪೂರ್ತಿ ನಂಬಬೇಡಿ.

ಏಳನೆಯ ತರಗತಿಯಲ್ಲಿ ನಾನು ಮಣ್ಣಿನಿಂದ ಒಂದು ಭೂಮಿ ಮಾಡಿದೆ. ಅದು ಒಣಗುವಾಗ ಬಿರಿಯಿತು. ಹಾಗೆಯೇ ಗೋಕಾಕಿನ ವಿಜ್ಞಾನ ಪ್ರದರ್ಶನಕ್ಕೆ ಒಯ್ದೆ. ಯಾಕೆ ಒಡೆದಿದೆ ಎಂದು ಪರೀಕ್ಷಕರು ಕೇಳಿದರು. "ಖರೆ ಭೂಮಿ ಚಿಪ್ಪೂ ಒಂದ ತುಂಡ ಇಲ್ಲರಿ, ಅದೂ ಒಡದೈತಿ" ಅಂದೆ. ಮೊದಲ ಬಹುಮಾನ ಬಂತು.

ಇಷ್ಟೇ. ಭೂಫಲಕಗಳ ಪಾಠವನ್ನು ಪ್ರತಿ ವರ್ಷ ಇದರಿಂದಲೇ ಶುರು ಮಾಡುತ್ತಿದ್ದೆ. ಹೇಳುತ್ತ ಹೇಳುತ್ತ ಬಿರುಕುಗಳೂ ಶಿಸ್ತು ಕಲಿತವು. ಕೊನೆಕೊನೆಗೆ ಒಂದು ಬಿರುಕು ಅಟ್ಲಾಂಟಿಕಿನ ನಟ್ಟನಡುವೆ, ಪಠ್ಯಪುಸ್ತಕದಲ್ಲಿ ಇರುವಂತೆಯೇ ಹಾಯತೊಡಗಿತು. ನಿಜವಾಗಿ ಎಲ್ಲಿ ಹಾದಿತ್ತೋ ಯಾರಿಗೆ ಗೊತ್ತು.

ಆದರೆ ದೊಡ್ಡ ಸುಳ್ಳು ಬಿರುಕಿನದಲ್ಲ. "ನಾನು ಮಾಡಿದೆ" ಎಂಬಲ್ಲಿದೆ. ಮಾಡಿದವಳು ನೀಲಕ್ಕ, ನನಗಿಂತ ಮೂರು ವರ್ಷ ದೊಡ್ಡ ಅಕ್ಕ.

ತುಕ್ಕಾನಟ್ಟಿಯ ನಮ್ಮ ಮನೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದಿಂದ ಎರೆಮಣ್ಣು ತಂದು ಜೋಡೆತ್ತು ಮಾಡುವುದು ಅವಳ ಕೆಲಸವಾಗಿತ್ತು. ಪೂಜೆಯಾದ ಮರುದಿನವೇ ಎತ್ತುಗಳನ್ನು ಬಾವಿಗೆ ಬಿಡುತ್ತಿದ್ದೆವು. ಆ ವರ್ಷ ಉಳಿದ ಮಣ್ಣಿನಲ್ಲಿ ನನ್ನ ಪ್ರದರ್ಶನಕ್ಕೆಂದು ಕುಂಬಳಕಾಯಿ ಗಾತ್ರದ ಭೂಮಿ ಕಟ್ಟಿದಳು. ಬೇಸಿಗೆಯಲ್ಲಿ ನಮ್ಮ ಹೊಲ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುವುದನ್ನು ಹುಟ್ಟಿದಾಗಿನಿಂದ ಕಂಡವರು ನಾವು. ಆದರೂ ಅದೇ ಮಣ್ಣಿನ ಗೋಳ ಒಣಗಿದರೆ ಬಿರಿದೀತೆಂದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎತ್ತನ್ನು ಒಣಗುವತನಕ ಇಟ್ಟುಕೊಂಡವರು ಯಾರಿದ್ದರು?

ಮೂರನೆಯ ದಿನ ಬಿರಿಯಿತು. ನಾನು ಅತ್ತೆ. ಅಕ್ಕ ಹಸಿಮಣ್ಣು ಮೆತ್ತಿದಳು, ಮೆತ್ತಿದ್ದೂ ಬಿರಿಯಿತು. ಆಗ ಯಾರೋ ಅಂದರು, "ಇರಲಿ ಬಿಡು, ಖರೆ ಭೂಮಿನೂ ಹಿಂಗ ಒಡದಿರಬೇಕು." ಅದನ್ನೂ ಅಕ್ಕನೇ ಅಂದಿರಬೇಕೆಂದು ಇತ್ತೀಚೆಗೆ ಅನಿಸತೊಡಗಿತ್ತು. ಆಧಾರವೇನಿಲ್ಲ, ಬರೀ ಅಳುಕು. ಗೋಕಾಕಿನಲ್ಲಿ "ಇದನ್ನ ಯಾರು ಮಾಡ್ಯಾರ?" ಎಂಬ ಪ್ರಶ್ನೆಗೆ "ನಾನರಿ" ಎಂದದ್ದು ಮಾತ್ರ ಸ್ಪಷ್ಟ ನೆನಪಿದೆ. ಮಸುಕಾಗಬೇಕಾದದ್ದೇ ಮಸುಕಾಗುವುದಿಲ್ಲ, ನೋಡಿ.

ಗೋಡೆಗೆ ಬಣ್ಣದಲ್ಲಿ ಬರೆದರೆ ಮುಗಿಯಿತು, ಸುಳ್ಳು ನನಗಿಂತ ಹೆಚ್ಚು ವರ್ಷ ಬಾಳುತ್ತದೆ. ಅಂದು ಪುಸ್ತಕದಂಗಡಿಯಲ್ಲಿ ಕೊಂಡ ಗ್ಲೋಬಿನ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ಶಾಲೆಗೆ ಹೋಗುವ ಬದಲು ಹುಕ್ಕೇರಿಯ ಬಸ್ಸು ಹತ್ತಿದೆ. ನೀಲಕ್ಕನ ಮನೆ ಅಲ್ಲಿದೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದಳು.

"ಅಕ್ಕಾ, ಆ ಮಣ್ಣಿನ ಭೂಮಿ ನೆನಪೈತೇನು?"

"ಯಾವುದು? ನೀ ಮಾಡಿದ್ದಂತಲ್ಲ, ಅದಾ?"

ಅವಳು ಶೇಂಗಾದಿಂದ ಕಣ್ಣೆತ್ತಲಿಲ್ಲ.

"ನಿನ್ನ ಸಾಲ್ಯಾಗ ಕಲಿತ ಹುಡುಗಿ ನಮ್ಮ ಓಣಿಗೆ ಸೊಸಿ ಆಗಿ ಬಂದಾಳ. ನಮ್ಮ ಸರ್ ಸಣ್ಣವರಿದ್ದಾಗ ಮಣ್ಣಾಗ ಭೂಮಿ ಮಾಡಿದ್ರಂತ ಅಂತ ನನ್ನ ಮುಂದನ ಹೇಳಿದ್ಲು."

"ನೀ ಏನಂದಿ?"

"ಹೌದವಾ, ನಿಮ್ಮ ಸರ್ ಕೈ ಭಾಳ ಚಲೋ ಅಂದೆ."

ಗೋಡೆಯ ವಿಷಯ ಹೇಳಿದೆ. ಎಲ್ಲವೂ ನಿನ್ನದೇ ಎಂದು ಬರೆಸುತ್ತೇನೆ, ಬಿರುಕಿನ ಆ ಮಾತೂ ನಿನ್ನದೇ ಅಂದೆ. ಇಷ್ಟು ಧಾರಾಳವಾಗಿ ಕೊಟ್ಟರೆ ಒಡನೆ ಕ್ಷಮಿಸಿಯಾಳೆಂದು ಲೆಕ್ಕ ಹಾಕಿದ್ದೆನೇನೋ.

"ಆ ಮಾತು ನಂದಲ್ಲ," ಅಂದಳು. "ನಾ ಮೆತ್ತಾಕ ಹತ್ತಿದ್ದೆ. ಒಡದದ್ದು ಚಲೋ ಆತು ಅಂತ ನಾ ಯಾಕ ಅಂತೀನಿ? ಒಂದ ಸುಳ್ಳ ಅಳಿಸಿ ಇನ್ನೊಂದ ಸುಳ್ಳ ಬರಿಬ್ಯಾಡ."

"ಮತ್ತ ಯಾರು ಅಂದ್ರು?"

"ನನಗೇನ ಗೊತ್ತು? ನೀನ ಅಂದಿರಬೇಕು. ಇಲ್ಲಾಂದ್ರ ನಿಮ್ಮ ಸಾಲಿ ಮಾಸ್ತರ."

ಆಮೇಲೆ ಕೈ ಒರೆಸಿಕೊಂಡು ಡಬ್ಬಿಯಿಂದ ಗ್ಲೋಬು ತೆಗೆದಳು. ಭಾರತದ ನೆತ್ತಿಯ ಮೇಲೆ ಹೆಬ್ಬೆರಳು ಆಡಿಸಿದಳು.

"ಇದರಾಗ ಹಿಮಾಲಯನ ಕೈಗೆ ಹತ್ತವಲ್ದಲ್ಲೋ. ನಾ ಕಡಬಿನ ಅಂಚ ಒತ್ತಿದಂಗ ಎರಡೂ ಕಡಿಂದ ಒತ್ತಿ ಬೆರಳ ಎತ್ತರ ಎಬ್ಬಿಸಿದ್ದೆ."

ಇದು ನನಗೆ ಪೂರ್ತಿ ಮರೆತೇಹೋಗಿತ್ತು. ಆ ಪರ್ವತಗಳು ನಿಜವಾಗಿ ಎದ್ದದ್ದೂ ಎರಡು ಕಡೆಯಿಂದ ನೆಲ ಒತ್ತಿಕೊಂಡೇ ಎಂದು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಈ ಒತ್ತಿದ ಬೆರಳುಗಳನ್ನು ಒಮ್ಮೆಯೂ ನೆನೆಯಲಿಲ್ಲ. ನೆನಪಿಗೆ ಬಹುಮಾನ ಬೇಕಿತ್ತೇ ಹೊರತು ಕೈಗಳು ಬೇಕಿರಲಿಲ್ಲ.

"ಅಕ್ಕಾ, ಖರೆ ಅಂದ್ರ ಭೂಮಿ ಹಿಂಗ ನುಣಪ ಐತಿ. ಈ ಗಾತ್ರದ ಗ್ಲೋಬಿನಾಗ ಹಿಮಾಲಯ ಉಗರಿನಷ್ಟೂ ದಪ್ಪ ಆಗಂಗಿಲ್ಲ."

"ಮತ್ತ ನಾ ಮಾಡಿದ್ದು?"

"ತಪ್ಪು ಮಾಡಿದ್ದಿ. ಭಾಳ ಎತ್ತರ ಆತು."

ಅವಳ ಮುಖ ಅರಳಿತು. ನಾನು ಕೊಡಲು ಹೊರಟ ಹೊಗಳಿಕೆಗೆ ಹೀಗೆ ಅರಳಿರಲಿಲ್ಲ. ಮಾಡಿದವರಿಗೆ ಮಾತ್ರ ಅವರ ತಪ್ಪು ತೋರಿಸುತ್ತೇವೆ. ಆ ಭೂಮಿ ಅವಳದೆಂದು ನಾನು ಒಪ್ಪಿದ್ದು ಆ ಮಾತಿನಲ್ಲೇ ಇರಬೇಕು.

"ಅದನ್ನೂ ಬರಸು," ಅಂದಳು. "ನನ್ನ ತಪ್ಪು ನಿನ್ನ ಹೆಸರಿಗೆ ಯಾಕ?"

ಮರುದಿನ ಚಿತ್ರಕಲೆಯ ಟೀಚರಿಗೆ ಚೀಟಿ ಕೊಟ್ಟೆ. "ಮಣ್ಣಿನ ಭೂಮಿಯನ್ನು ಮಾಡಿದವರು ತುಕ್ಕಾನಟ್ಟಿಯ ನೀಲವ್ವ. ಹಿಮಾಲಯ ಮಿತಿಮೀರಿ ಎತ್ತರವಾಗಿತ್ತು. ಆ ತಪ್ಪೂ ಅವರದೇ. ಬಿರುಕಿನ ಮಾತು ಯಾರದೆಂದು ತಿಳಿಯದು."

ಅವರು ಎರಡು ಸಲ ಓದಿದರು.

"ಸರ್, ಇದರಾಗ ನೀವ ಎಲ್ಲಿ ಬರ್ತೀರಿ?"

"ನಾ ನಕಾಶೆ ಹಿಡಕೊಂಡು ಬಾಜೂ ಕುಂತಿದ್ದೆರಿ."

ಅವರು ಕುಂಚ ಅದ್ದಿ ಅದನ್ನೂ ಬರೆದರು.