ಸುಬ್ಬಕ್ಕ ಇದ್ದಾರೆ ಎಂದು ಬರೆದ ಮಕ್ಕಳು

"ಸೇವಾ ಸಂಘ ಸೇರಲು ಕಾರಣವೇನು?"

ಹೈಸ್ಕೂಲಿನಿಂದ ಬಂದ ಫಾರ್ಮಿನಲ್ಲಿ ಹೀಗೊಂದು ಪ್ರಶ್ನೆ ಇತ್ತು. ಒಂಬತ್ತನೇ ಕ್ಲಾಸಿನ ನನ್ನ ಮಗಳು ಧೃತಿ ಅದರ ಎದುರು ನೀಟಾಗಿ ಬರೆದಿದ್ದಳು: "ಶನಿವಾರದ ಮ್ಯಾಥ್ಸ್ ಟ್ಯೂಷನ್ ತಪ್ಪಿಸಬಹುದು."

ಅದರ ಕೆಳಗೆ ಪೋಷಕರ ಸಹಿ. ನಾನು ಹಾಕುವುದು ಹೇಗೆ?

ರಬ್ಬರ್ ಕೊಟ್ಟು ಅಳಿಸಲು ಹೇಳಿದೆ. (ಪೆನ್ಸಿಲಿನಲ್ಲಿ ಬರೆದಿದ್ದಳು, ಪುಣ್ಯ.) "ಸಮಾಜಕ್ಕಾಗಿ ಏನಾದರೂ ಮಾಡಬೇಕೆಂಬ ಹಂಬಲ" ಎಂದು ಬರೆಸಿದೆ. ಅವಳು ಬರೆಯುತ್ತಾ ಒಮ್ಮೆ ನನ್ನ ಮುಖ ನೋಡಿದಳು. ನಾನು ಕುಕ್ಕರಿನ ಕಡೆ ನೋಡಿದೆ.

ನನ್ನ ಲೆಕ್ಕಾಚಾರವೇ ಬೇರೆ ಇತ್ತು. ಸಂಘದಲ್ಲಿದ್ದರೆ ವರ್ಷದ ಕೊನೆಗೆ ಸರ್ಟಿಫಿಕೇಟ್ ಸಿಗುತ್ತದೆ. ಮುಂದೆ ಕಾಲೇಜಿಗೆ ಅರ್ಜಿ ಹಾಕುವಾಗ ಎಲ್ಲಿಯಾದರೂ ಪ್ರಯೋಜನಕ್ಕೆ ಬಂದೀತು. ಹಂಬಲ ಯಾರಿಗೆ ಇತ್ತು, ಯಾವುದರ ಮೇಲೆ ಇತ್ತು ಎಂದು ನೀವೇ ಹೇಳಿ.

ಶಾಲೆಯ ಹೆಸರು ಬೇಡ. ಹೆಮ್ಮಾಡಿಯಿಂದ ಬೈಂದೂರಿನವರೆಗೆ ಹೈವೇಯ ಬದಿಗೆ ಇಂಥ ಹೈಸ್ಕೂಲುಗಳು ಹಲವು ಇವೆ, ಅದರಲ್ಲಿ ಒಂದು ಅಂದುಕೊಳ್ಳಿ. ಸಂಘದಲ್ಲಿ ಒಂಬತ್ತನೇ ಕ್ಲಾಸಿನ ಹದಿಮೂರು ಮಕ್ಕಳು. ನೋಡಿಕೊಳ್ಳುವವರು ಸಮಾಜ ಪಾಠದ ಹರೀಶ್ ಸರ್. ಮೊದಲ ಚಟುವಟಿಕೆ ಬಸ್‌ಸ್ಟ್ಯಾಂಡ್ ಸ್ವಚ್ಛತೆ. ಆ ದಿನ ಬೆಳಿಗ್ಗೆಯೇ ಪಂಚಾಯತಿನ ಹೆಂಗಸರು ಗುಡಿಸಿ ಹೋಗಿದ್ದರಂತೆ. ಕಸವೇ ಇರಲಿಲ್ಲ. ಫೋಟೋಕ್ಕೆ ಏನಾದರೂ ಬೇಕಲ್ಲ? ಎದುರಿನ ಮಾವಿನಮರದ ಅಡಿಯಿಂದ ಒಣ ಎಲೆ ತಂದು ಹರಡಿ, ಗುಡಿಸಿ, ಫೋಟೋ ತೆಗೆದರು. ನಾನು ಆ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ ಹಾಕಿದೆ. ನಲವತ್ತು ಜನ ನಮಸ್ಕಾರದ ಕೈ ಕಳಿಸಿದರು. ಎಲೆಯ ಕಥೆ ಮಗಳು ಹೇಳಿದ್ದು ಮಾರನೇ ದಿನ. ನಾನು ಸ್ಟೇಟಸ್ ತೆಗೆಯಲಿಲ್ಲ.

ಆಗಸ್ಟಿನಲ್ಲಿ ಅವರನ್ನು ಪಡಿತರ ಅಂಗಡಿಗೆ ಕಳಿಸಿದರು. ಕ್ಯೂ ಸರಿಯಾಗಿ ನಿಲ್ಲಿಸುವುದು, ವಯಸ್ಸಾದವರಿಗೆ ಕುರ್ಚಿ ಹಾಕುವುದು, ಅಕ್ಕಿಚೀಲ ಆಟೋವರೆಗೆ ತಲುಪಿಸುವುದು. ಅಷ್ಟೇ ಕೆಲಸ.

ಆ ಕ್ಯೂವಿನಲ್ಲಿ ಗಿರಿಜಕ್ಕ ನಿಂತಿದ್ದರು.

ಗಿರಿಜಕ್ಕ ನಮ್ಮ ಮನೆಗೆ ಮೀನು ತರುವವರು. ಗಂಗೊಳ್ಳಿ ಬಂದರಿನಲ್ಲಿ ಮೀನು ತೆಗೆದುಕೊಂಡು, ಬಸ್ಸಿಳಿದು, ಬುಟ್ಟಿ ತಲೆಯ ಮೇಲಿಟ್ಟು ನಮ್ಮ ಓಣಿಗೆ ಬರುವಾಗ ಎಂಟೂವರೆ. ಹನ್ನೆರಡು ವರ್ಷದಿಂದ ಇದು ತಪ್ಪಿಲ್ಲ. ವಯಸ್ಸು ಅರವತ್ತರ ಆಚೆ. ಧೃತಿ ಹಾಲುಹಲ್ಲಿನಲ್ಲಿ ಮೊದಲು ಜಗಿದ ಬಂಗುಡೆ ಇವರ ಬುಟ್ಟಿಯದು.

ಅವರ ಸರದಿ ಬಂತು. ಹೆಬ್ಬೆರಳನ್ನು ಮಿಷನ್ನಿನ ಮೇಲೆ ಇಟ್ಟರು. ಆಗಲಿಲ್ಲ. ಸೀರೆಯ ಸೆರಗಿಗೆ ಒರೆಸಿ ಇಟ್ಟರು. ಆಗಲಿಲ್ಲ. ಅಂಗಡಿಯಾತ ಒದ್ದೆ ಬಟ್ಟೆ ಕೊಟ್ಟ, ಬೇರೆ ಬೆರಳು ಇಡಿಸಿದ. ಹತ್ತು ಬೆರಳೂ ಮುಗಿದವು. ಆತ ಕೆಟ್ಟವನೇನಲ್ಲ, ಮಿಷನ್ ಒಪ್ಪದೆ ಅಕ್ಕಿ ಕೊಟ್ಟರೆ ಅವನ ಕುತ್ತಿಗೆಗೆ ಬರುತ್ತದೆ. ಹಾಗೆ ಬರಿಗೈಯಲ್ಲಿ ಹೋಗುತ್ತಿರುವುದು ಗಿರಿಜಕ್ಕನಿಗೆ ಅದು ಮೂರನೇ ತಿಂಗಳು.

ಆ ಸಂಜೆ ಧೃತಿ ಬ್ಯಾಗ್ ಇಳಿಸುವ ಮೊದಲೇ ಕೇಳಿದಳು, ಗಿರಿಜಕ್ಕನ ಬೆರಳು ನೀನು ನೋಡಿದ್ದೀಯಾ ಎಂದು.

ನೋಡಿರಲಿಲ್ಲ. ಹನ್ನೆರಡು ವರ್ಷ ಆ ಕೈಯಿಂದ ಮೀನು ತೆಗೆದುಕೊಂಡಿದ್ದೇನೆ. ಮೀನಿನ ಕಣ್ಣು ನೋಡಿದ್ದೇನೆ, ಕಿವಿರು ಎತ್ತಿ ನೋಡಿದ್ದೇನೆ. ಕೈ ನೋಡಿಲ್ಲ.

ಮರುದಿನ ನೋಡಿದೆ. ಕೇಳಿದ್ದಕ್ಕೆ ಅವರು ಸಂಕೋಚದಿಂದಲೇ ಅಂಗೈ ಚಾಚಿದರು. ಹೆಬ್ಬೆರಳ ತುದಿ ನುಣ್ಣಗೆ ಹೊಳೆಯುತ್ತಿತ್ತು, ಹೊಳೆಯ ಕಲ್ಲಿನ ಹಾಗೆ. ಗೆರೆ ಎಂಬುದೇ ಇಲ್ಲ. ನಲವತ್ತು ವರ್ಷದ ಐಸು, ಉಪ್ಪು, ಮೀನಿನ ಪೊರೆ, ಕತ್ತಿ.

"ಎಷ್ಟ್ ಒತ್ತಿರೂ ಬತ್ತಿಲ್ಲೆ" ಎಂದರು ಗಿರಿಜಕ್ಕ. "ನಂದ್ ಹೋಯ್ಲಿ. ಅಕ್ಕನ ಹೆಸ್ರನ್ನೂ ತೆಗಿತ್ರ್ ಅಂಬ್ರ್."

ಅಕ್ಕ ಎಂದರೆ ಸುಬ್ಬಕ್ಕ. ಎಪ್ಪತ್ತು ದಾಟಿದೆ. ಗಂಡ ತೀರಿಹೋದ ಮೇಲೆ ತಂಗಿಯ ಮನೆಗೆ ಬಂದವರು. ಅವರೂ ಮೀನಿನ ಬುಟ್ಟಿ ಹೊತ್ತವರೇ, ಕಣ್ಣು ಮಂಜಾದ ಮೇಲೆ ಬಿಟ್ಟರು. ಕಾರ್ಡಿನಲ್ಲಿರುವುದು ಈ ಇಬ್ಬರ ಹೆಸರು ಮಾತ್ರ. ಕಾರ್ಡಿನಲ್ಲಿ ಇರುವ ಪ್ರತಿಯೊಬ್ಬರೂ ಬೆರಳು ಕೊಟ್ಟು ತಾವು ಇದ್ದೇವೆಂದು ತೋರಿಸಬೇಕು, ತೋರಿಸದವರ ಹೆಸರು ಹೋಗುತ್ತದೆ ಎಂದು ಅಂಗಡಿಯಲ್ಲಿ ಬೋರ್ಡ್ ಹಾಕಿದ್ದರಂತೆ. ಮೂರು ತಿಂಗಳಿಂದ ಆ ಮನೆಯಲ್ಲಿ ಹೇಗೆ ನಡೆಯುತ್ತಿದೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಧೃತಿ ಮತ್ತು ಅವಳ ಗೆಳತಿ ಸಫಿಯಾ ಇದನ್ನು ಹಿಡಿದುಕೊಂಡರು. ಸಂಘದ ಮೀಟಿಂಗಿನಲ್ಲಿ ಹೇಳಿದರು. ಹರೀಶ್ ಸರ್ ತಲೆ ಕೆರೆದುಕೊಂಡರಂತೆ. ವರ್ಷದ ಚಟುವಟಿಕೆಗಳ ಪಟ್ಟಿಯಲ್ಲಿ ಸ್ವಚ್ಛತೆ ಇದೆ, ಗಿಡ ನೆಡುವುದು ಇದೆ, ಜಾಥಾ ಇದೆ. ಬೆರಳು ಸವೆದವರ ವಿಷಯ ಯಾವ ತಲೆಬರಹದ ಅಡಿಯಲ್ಲಿ ಬರೆಯುವುದು? ಆದರೂ ಬೇಡ ಎನ್ನಲಿಲ್ಲ. ಅವರೇ ನಾಲ್ಕು ಕಡೆ ಫೋನ್ ಮಾಡಿ ವಿಚಾರಿಸಿದರು. ಕುಂದಾಪುರದ ಆಧಾರ್ ಕೇಂದ್ರಕ್ಕೆ ಹೋಗಿ ಕಣ್ಣಿನ ಗುರುತು ಕೊಡಬಹುದು. ಮೊಬೈಲ್ ನಂಬರ್ ಜೋಡಿಸಿದರೆ, ಫೋನಿಗೆ ಬರುವ ಅಂಕೆ ಹೇಳಿದರೂ ಅಕ್ಕಿ ಸಿಗುತ್ತದೆ. ಟೋಕನ್‌ಗೆ ಬೆಳಿಗ್ಗೆ ಬೇಗ ನಿಲ್ಲಬೇಕು.

ದಸರಾ ರಜೆಯಲ್ಲಿ ಹೋಗುವುದೆಂದಾಯಿತು. ರಜೆಯಲ್ಲಿ ಮ್ಯಾಥ್ಸಿನ ಸ್ಪೆಷಲ್ ಕ್ಲಾಸ್ ಇತ್ತು. ಇದೆಲ್ಲ ದೊಡ್ಡವರ ಕೆಲಸ, ನಿನಗೆ ಯಾಕೆ ಎಂದು ನಾನು ಹೇಳಿದೆ. ಹಾಗಾದರೆ ದೊಡ್ಡವರು ಯಾರು ಹೋಗುತ್ತಾರೆ ಎಂದು ಅವಳು ಕೇಳಿದಳು. ಜಗಳದ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ನಾನು ಸ್ಪೆಷಲ್ ಕ್ಲಾಸಿಗೆ ರಜಾಚೀಟಿ ಬರೆದುಕೊಟ್ಟೆ.

ಇನ್ನೊಂದು ತೊಡಕು ಗಿರಿಜಕ್ಕನ ಕಡೆಯಿಂದ ಬಂತು. ಬೆಳಗಿನ ಹೊತ್ತು ಅವರ ವ್ಯಾಪಾರದ ಹೊತ್ತು. ಒಂದು ದಿನ ಬಾರದಿದ್ದರೆ ಗಿರಾಕಿಗಳು ಸ್ಕೂಟರಿನವನ ಹತ್ತಿರ ಮೀನು ತೆಗೆದುಕೊಂಡು ಅದೇ ಅಭ್ಯಾಸವಾಗುತ್ತದೆ. ಅಕ್ಕನನ್ನು ನೀವು ಕರೆದುಕೊಂಡು ಹೋಗಿ, ನಾನು ಇನ್ನೊಮ್ಮೆ ನೋಡುತ್ತೇನೆ ಎಂದರು.

"ಮೀನ್ ನಮ್ಮಮ್ಮ ಮಾರ್ತ್ಲ್" ಎಂದಳು ಧೃತಿ.

ನಾನು ಅಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಹೀಗೆ ಒಂದು ಬೆಳಿಗ್ಗೆ, ಓದುಗರೇ, ವಾರಾ ವಾರ ನಿಮಗೆ ಬುದ್ಧಿ ಹೇಳುವ ನಾನು ಗಿರಿಜಕ್ಕ ನಸುಕಿನಲ್ಲೇ ತಂದಿಟ್ಟ ಬಂಗುಡೆ ಬುಟ್ಟಿ ಹಿಡಿದು ನಮ್ಮ ಓಣಿಯಲ್ಲಿ ಹೊರಟೆ. ತಲೆಯ ಮೇಲೆ ಹೊರಲು ಬರುವುದಿಲ್ಲ, ಸೊಂಟಕ್ಕೆ ಆನಿಸಿಕೊಂಡು ಹೋದೆ. ಮೂರನೇ ಮನೆಗೆ ತಲುಪುವಾಗ ಸೊಂಟದ ಕಥೆ ಮುಗಿದಿತ್ತು. ಒಬ್ಬರು ಬಾಗಿಲು ತೆರೆದವರು ನನ್ನನ್ನೂ ಬುಟ್ಟಿಯನ್ನೂ ನೋಡಿ, ಮನೆಯಲ್ಲಿ ಎಲ್ಲ ಸರಿ ಇದೆಯಾ ಎಂದು ಮೆಲ್ಲನೆ ವಿಚಾರಿಸಿದರು. ಇನ್ನೊಬ್ಬರು ಪ್ರತಿ ಮೀನಿನ ಕಿವಿರು ಎತ್ತಿ ತೋರಿಸಲು ಹೇಳಿದರು, ನಂತರ ಬೇಡ ಎಂದರು. ಥೇಟ್ ನಾನೇ.

ಐಸಿನಲ್ಲಿ ಕೈ ಹಾಕಿ ಹಾಕಿ ಬೆರಳು ಮರಗಟ್ಟಿದವು. ರೆಕ್ಕೆಯ ಮುಳ್ಳು ಚುಚ್ಚಿದ ಜಾಗಕ್ಕೆ ಉಪ್ಪುನೀರು ತಾಗಿ ಉರಿಯಿತು. ನನ್ನದು ಒಂದು ಬೆಳಿಗ್ಗೆಯ ಸಂಕಟ. ಅವರದ್ದು ನಲವತ್ತು ವರ್ಷದ್ದು.

ಮಧ್ಯಾಹ್ನ ಮಕ್ಕಳು ಬಂದರು. ಗಿರಿಜಕ್ಕನ ಬೆರಳನ್ನು ಅಲ್ಲಿಯ ಮಿಷನ್ನೂ ಒಪ್ಪಲಿಲ್ಲ, ಆದರೆ ಕಣ್ಣನ್ನು ಒಪ್ಪಿತು. ಮೊಬೈಲ್ ನಂಬರ್ ಜೋಡಿಸಿಯೂ ಆಯಿತು. ಸಫಿಯಾ ಅವರಿಗೆ ಮೆಸೇಜ್ ತೆರೆದು ಅಂಕೆ ಓದುವುದನ್ನು ಕ್ಯೂವಿನಲ್ಲಿ ನಿಂತಲ್ಲೇ ಕಲಿಸಿದ್ದಳು.

ಸುಬ್ಬಕ್ಕನದು ಆಗಲಿಲ್ಲ. ಬೆರಳು ತಂಗಿಯ ಬೆರಳಿಗಿಂತಲೂ ನುಣ್ಣಗೆ. ಕಣ್ಣುಗಳೆರಡೂ ಬಿಳಿ ಕಟ್ಟಿವೆ. ಕೇಂದ್ರದ ಹುಡುಗಿ ಪಾಪ ಮತ್ತೆ ಮತ್ತೆ ಪ್ರಯತ್ನಿಸಿದಳಂತೆ, ಗಲ್ಲ ಎತ್ತಿಸಿದಳು, ರೆಪ್ಪೆ ಹಿಡಿದಳು. ಪರದೆಯ ಮೇಲೆ ಏನೂ ಬರಲಿಲ್ಲ. ಸುಬ್ಬಕ್ಕ ಆಟೋದಲ್ಲಿ ಬರುವಾಗ ಧೃತಿಯ ಕೈ ಹಿಡಿದುಕೊಂಡು ಕೇಳಿದರಂತೆ:

"ಬೆರಳೂ ಇಲ್ಲೆ, ಕಣ್ಣೂ ಇಲ್ಲೆ ಅಂದ್ರೆ, ನಾನ್ ಇಪ್ಪುದ್ ಹೌದಾ ಅಲ್ದಾ ಮಗಾ?"

ಇದನ್ನು ನನಗೆ ಹೇಳುವಾಗ ಧೃತಿ ಅತ್ತಳು. ಮೀನಿನ ವಾಸನೆಯ ಕೈಯಲ್ಲಿ ನಾನು ಅವಳ ಕಣ್ಣು ಒರೆಸುವ ಹಾಗೂ ಇರಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಆ ಪ್ರಶ್ನೆಗೆ ಏನು ಉತ್ತರ ಕೊಟ್ಟಾಳು?

ಉತ್ತರವನ್ನು ಅವರು ಹದಿಮೂರು ಜನ ಸೇರಿ ಬರೆದರು. ತಾಲೂಕು ಕಚೇರಿಗೆ ಒಂದು ಅರ್ಜಿ. ನೋಟ್‌ಬುಕ್ಕಿನ ಹಾಳೆಯಲ್ಲಿ ಮಾಡಿದ ಕರಡನ್ನು ಧೃತಿ ಮನೆಗೆ ತಂದಿದ್ದಳು. ಅದರಲ್ಲಿ ಹೀಗಿತ್ತು:

"ಸುಬ್ಬಕ್ಕ ಎಂಬವರು ಇದ್ದಾರೆ. ನಾವು ಅವರನ್ನು ನೋಡಿದ್ದೇವೆ. ಅವರು ನಮ್ಮ ಜೊತೆ ಮಾತಾಡಿದ್ದಾರೆ. ಮೀನು ಮತ್ತು ಐಸು ಮುಟ್ಟಿ ಅವರ ಬೆರಳಿನ ಗೆರೆ ಹೋಗಿದೆ. ಕಣ್ಣಿಗೆ ಪೊರೆ ಬಂದಿದೆ. ಮಿಷನ್ನಿಗೆ ಅವರು ಕಾಣುವುದಿಲ್ಲ. ನಮಗೆ ಕಾಣುತ್ತಾರೆ."

ನನ್ನ ಕೈಯಲ್ಲಿ ಪೆನ್ ಇತ್ತು. ತಿದ್ದುವುದು ನನ್ನ ಚಟ. ಈ ಸಲ ಒಂದಕ್ಷರ ಮುಟ್ಟಲಿಲ್ಲ. ಹರೀಶ್ ಸರ್ ಕೂಡ ಮೇಲೆ "ಮಾನ್ಯರೇ", ಕೆಳಗೆ "ತಮ್ಮ ವಿಶ್ವಾಸಿಗಳು" ಸೇರಿಸಿ ಮಧ್ಯದ್ದನ್ನು ಹಾಗೇ ಬಿಟ್ಟರು. ಹದಿಮೂರು ಸಹಿ. ಕೆಲವರು ಜೀವನದಲ್ಲಿ ಹಾಕಿದ ಮೊದಲ ಸಹಿ ಅದು. ಒಬ್ಬಳು ಹೆಸರಿನ ಕೆಳಗೆ ಗೆರೆ ಎಳೆದು ಎರಡು ಚುಕ್ಕಿ ಇಟ್ಟಿದ್ದಳು.

ನಾಲ್ಕು ಮಕ್ಕಳು ಸರ್ ಜೊತೆ ಹೋಗಿ ಕೊಟ್ಟು ಬಂದರು. ಒಂದು ತಿಂಗಳು ಏನೂ ಆಗಲಿಲ್ಲ. ಇನ್ನೊಮ್ಮೆ ಹೋದರು. ಈ ಸಲ ಒಬ್ಬ ಮಹಿಳಾ ಅಧಿಕಾರಿ ಎದುರಲ್ಲೇ ಕೂರಿಸಿಕೊಂಡು ಓದಿದರು, ಎರಡು ಸಲ ಓದಿದರು. ಬೆರಳೂ ಕಣ್ಣೂ ಬಾರದವರಿಗೆ ಬೇರೆ ದಾರಿ ಇದೆ, ಮನೆಗೆ ಹೋಗಿ ನೋಡಿ ಬರೆದುಕೊಂಡರೆ ಸಾಕು ಎಂದರು. ಈ ಭಾಗದಿಂದ ಇದುವರೆಗೆ ಯಾರೂ ಬಂದು ಕೇಳಿರಲಿಲ್ಲವಂತೆ.

ಡಿಸೆಂಬರಿನ ಒಂದು ಶನಿವಾರ ಆ ಅಧಿಕಾರಿ ಗಿರಿಜಕ್ಕನ ಮನೆಗೆ ಬಂದರು. ಮಕ್ಕಳೆಲ್ಲರ ಜೊತೆ ನಾನೂ ಹೋಗಿದ್ದೆ. ಸುಬ್ಬಕ್ಕ ಒಗೆದ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು. ಅಧಿಕಾರಿ ಹೆಸರು ಕೇಳಿದರು, ತಂದೆಯ ಹೆಸರು ಕೇಳಿದರು, ಬರೆದುಕೊಂಡರು. ಕೆಲಸ ಮುಗಿಯುವುದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಇನ್ನು ಮುಂದೆ ಅಂಗಡಿಯ ರಿಜಿಸ್ಟರಿನಲ್ಲಿ ತಂಗಿ ಸಹಿ ಹಾಕಿದರೆ ಸಾಕು, ಹೆಸರು ಉಳಿಯುತ್ತದೆ ಎಂದರು.

"ಆಯ್ತಾ? ಇಷ್ಟೇಯಾ?" ಎಂದು ಸುಬ್ಬಕ್ಕ ಎರಡೆರಡು ಸಲ ಕೇಳಿದರು. ನಂತರ ಮಕ್ಕಳು ಎಲ್ಲಿದ್ದಾರೆ ಎಂದು ಕೈ ಚಾಚಿ ಹುಡುಕಿದರು. ಹದಿಮೂರು ಜನ ಒಬ್ಬೊಬ್ಬರಾಗಿ ಬಂದು ಆ ಕೈಗೆ ಮುಖ ಕೊಟ್ಟರು. ಅವರು ಪ್ರತಿಯೊಬ್ಬರ ಮೂಗು, ಕೆನ್ನೆ, ಜಡೆ ಮುಟ್ಟಿ ನೋಡಿದರು. ಯಾರೂ ಫೋಟೋ ತೆಗೆಯಲಿಲ್ಲ, ಯಾರಿಗೂ ನೆನಪಾಗಲಿಲ್ಲ.

ಆ ಹೊತ್ತಿನಿಂದ ನನ್ನನ್ನು ಒಂದು ವಿಷಯ ಕೊರೆಯುತ್ತಿದೆ. ಈ ಅಕ್ಕತಂಗಿಯರು ಬುಟ್ಟಿ ಹೊತ್ತು ತಿರುಗಿದ ಮನೆಗಳು ಎಷ್ಟಿದ್ದಾವು? ಮೇಷ್ಟ್ರ ಮನೆ, ವಕೀಲರ ಮನೆ, ಬ್ಯಾಂಕಿನವರ ಮನೆ, ಈಗ ಅಂಕಣ ಬರೆಯುವವಳ ಮನೆ. ಅರ್ಜಿ ಬರೆಯಲು ಬಾರದವರು ನಮ್ಮಲ್ಲಿ ಒಬ್ಬರೂ ಇಲ್ಲ.

ಹಾಗಿದ್ದೂ, ಒಬ್ಬ ಹೆಂಗಸು ಬದುಕಿದ್ದಾಳೆ ಎಂದು ಸಹಿ ಹಾಕಲು ಒಂಬತ್ತನೇ ಕ್ಲಾಸಿನವರೇ ಯಾಕೆ ಬರಬೇಕಾಯಿತು?